ಇಪ್ಪತ್ತಮೂರನೇ ಮೀಟರು

ಸೊಸೆ ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ಅತ್ತೆಯ ಬಳಿ ಒಂದೇ ಉತ್ತರವಿತ್ತು: ಬೀಳಿಸುತ್ತಾಳೆ. ಕೇಳಿದವರು ಬೆಪ್ಪಾದರೆ ಅತ್ತೆಗೆ ಒಳಗೊಳಗೇ ಖುಷಿ. ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದ ಹೆಂಗಸು ಆಕೆ. ಒಂದು ಸಣ್ಣ ಗುಂಡಿ ನೆಲಕ್ಕೆ ಬಿದ್ದರೂ ಮಂಚದಡಿ ತೂರಿ ಹುಡುಕಿ ತಂದವಳು. ದಿನವಿಡೀ ಬೀಳಿಸುವುದನ್ನೇ ಒಂದು ಉದ್ಯೋಗ ಮಾಡಿಕೊಂಡು, ಅದಕ್ಕೆ ಡಾಕ್ಟರೇಟು ಬೇರೆ ತೆಗೆದುಕೊಂಡ ಸೊಸೆಯನ್ನು ನೋಡಿದರೆ ಆಕೆಗೆ ನಗು ತಡೆಯುತ್ತಿರಲಿಲ್ಲ.

ಅತ್ತೆ ಹೇಳುತ್ತಿದ್ದುದರಲ್ಲಿ ಸುಳ್ಳೇನೂ ಇರಲಿಲ್ಲ. ವಿಶ್ವವಿದ್ಯಾಲಯದ ಕ್ವಾಂಟಮ್ ಇಂಜಿನಿಯರಿಂಗ್ ವಿಭಾಗದ ನೆಲ ಅಂತಸ್ತಿನಲ್ಲಿ, ಫ್ರಿಜ್ಜಿನಷ್ಟು ಎತ್ತರದ ಒಂದು ಯಂತ್ರವಿತ್ತು. ಅದರ ನಡುವೆ ಗಾಳಿಯೆಲ್ಲ ತೆಗೆದ ಒಂದು ಕೊಳವೆ. ಕೊಳವೆಯ ಮೇಲ್ತುದಿಯಲ್ಲಿ ಲೇಸರ್ ಬೆಳಕು ರುಬಿಡಿಯಂ ಪರಮಾಣುಗಳನ್ನು ಹಿಡಿದು, ತಣ್ಣಗೆ ಮಾಡಿ, ಅಲುಗಾಡದಂತೆ ನಿಲ್ಲಿಸುತ್ತಿತ್ತು. ಆಮೇಲೆ ಕೈಬಿಡುತ್ತಿತ್ತು. ಅವು ಬೀಳುತ್ತಿದ್ದವು. ಬೀಳುವಾಗ ಒಂದೊಂದು ಪರಮಾಣುವೂ ಅಲೆಯಾಗಿ ಎರಡು ದಾರಿಯಲ್ಲಿ ಹೋಗಿ ಕೆಳಗೆ ಮತ್ತೆ ತನ್ನನ್ನು ತಾನೇ ಕೂಡಿಕೊಳ್ಳುತ್ತಿತ್ತು. ಆ ಕೂಡುವಿಕೆಯನ್ನು ಓದಿದರೆ ಭೂಮಿ ಅಲ್ಲಿ ಎಷ್ಟು ಜೋರಾಗಿ ಎಳೆಯಿತು ಎಂದು ಹೇಳಬಹುದಿತ್ತು. ಕೆಳಗೆ ಮಣ್ಣಿರುವ ಕಡೆ ಎಳೆತ ಒಂದಿಷ್ಟು ಹೆಚ್ಚು, ಟೊಳ್ಳಿರುವ ಕಡೆ ಒಂದಿಷ್ಟು ಕಡಿಮೆ. ಒಂದಿಷ್ಟು ಎಂದರೆ ಹತ್ತು ಕೋಟಿಯಲ್ಲಿ ಒಂದೋ ಎರಡೋ ಪಾಲು. ಅಷ್ಟು ಚಿಕ್ಕದರ ಬೆನ್ನು ಹತ್ತಿ ಅವಳ ಹದಿನಾಲ್ಕು ವರ್ಷ ಹೋಗಿದ್ದವು.

ವಿಭಾಗದಲ್ಲಿ ಅವಳಿಗೆ ಬೇರೆ ಹೆಸರಿತ್ತು: ಟ್ಯಾಂಕ್ ಮೇಡಂ. ಅದು ಅಕ್ಕರೆಯ ಹೆಸರಲ್ಲ. ಎರಡು ವರ್ಷದ ಹಿಂದೆ ಅವಳೊಂದು ಪ್ರಬಂಧ ಪ್ರಕಟಿಸಿದ್ದಳು. ನೆಲದಡಿಯ ನೀರು ದಿನದಿನಕ್ಕೂ ಏರಿಳಿಯುವುದನ್ನು ನಮ್ಮ ಯಂತ್ರ ಕಾಣಬಲ್ಲದು ಎಂಬುದು ಅದರ ಸಾರ. ಚಪ್ಪಾಳೆಯೂ ಬಿತ್ತು, ಎರಡು ಊರುಗಳಿಂದ ಉಪನ್ಯಾಸಕ್ಕೆ ಕರೆಯೂ ಬಂತು. ನಾಲ್ಕು ತಿಂಗಳ ಮೇಲೆ ಕಟ್ಟಡದ ಕೊಳಾಯಿ ರಿಪೇರಿಗೆಂದು ಒಂದು ವಾರ ನೀರು ನಿಲ್ಲಿಸಿದರು. ಆ ವಾರವೇ ಅವಳ ಏರಿಳಿತವೂ ನಿಂತುಹೋಯಿತು. ಮೆಟ್ಟಿಲು ಹತ್ತಿ ಮಹಡಿಗೆ ಹೋದಳು. ತನ್ನ ಯಂತ್ರದ ನೆತ್ತಿಯ ಮೇಲೆ ನೇರವಾಗಿ ನೀರಿನ ಟ್ಯಾಂಕು ಕೂತಿತ್ತು. ದಿನಾ ಬೆಳಗ್ಗೆ ತುಂಬುತ್ತಿದ್ದುದು ಅದು, ಸಂಜೆಗೆ ಖಾಲಿಯಾಗುತ್ತಿದ್ದುದು ಅದು. ತುಂಬಿದಾಗ ಕೆಳಗಿನ ಪರಮಾಣುಗಳನ್ನು ಕೂದಲೆಳೆಯಷ್ಟು ಮೇಲಕ್ಕೆ ಎಳೆಯುತ್ತಿತ್ತು, ಅಷ್ಟೇ.

ಯಾರೂ ಕೇಳಿರಲಿಲ್ಲ, ಕೇಳುವಷ್ಟು ಯಾರಿಗೂ ಗೊತ್ತೂ ಇರಲಿಲ್ಲ. ಅವಳೇ ಪತ್ರ ಬರೆದು ಪ್ರಬಂಧ ಹಿಂದಕ್ಕೆ ತೆಗೆದುಕೊಂಡಳು. ಅಂದಿನಿಂದ ಕಾರಿಡಾರಿನಲ್ಲಿ ಎದುರು ಸಿಕ್ಕವರೆಲ್ಲ ಅವಳ ಕಾಲೆಳೆಯುವವರೇ. ನಮ್ಮ ಮನೆ ಟ್ಯಾಂಕಿನಲ್ಲಿ ನೀರಿದೆಯೇ ಇಲ್ಲಿಂದಲೇ ನೋಡಿ ಹೇಳಿ ಮೇಡಂ ಎನ್ನುವರು. ಅವಳೂ ನಕ್ಕು ಮುಂದೆ ಹೋಗುತ್ತಿದ್ದಳು. ಕೋಣೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಆ ನಗು ಉಳಿಯುತ್ತಿರಲಿಲ್ಲ.

ನಗದೇ ಇದ್ದವನು ವಿಭಾಗದ ವರ್ಕ್‌ಶಾಪಿನ ಮೇಸ್ತ್ರಿ ಒಬ್ಬನೇ. ಆ ಯಂತ್ರದ ಒಂದೊಂದು ಬೋಲ್ಟೂ ಅವನ ಕೈಯಲ್ಲಿ ತಿರುಗಿದ್ದು. ಎರಡು ಸೂರು ದಾಟಿ ಮೇಲಿನ ನೀರನ್ನು ಕೆಳಗೆ ಕೂತು ತೂಗಿದ ಯಂತ್ರವನ್ನು ನೋಡಿ ಜನ ಯಾಕೆ ನಗುತ್ತಾರೋ ಅವನಿಗೆ ಅರ್ಥವೇ ಆಗಿರಲಿಲ್ಲ. ಅದನ್ನವನು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅವಳದು ಆರು ವರ್ಷದ ಕರಾರಿನ ಹುದ್ದೆ. ಆರನೇ ವರ್ಷದ ಕೊನೆಗೆ ಒಂದು ಸಮಿತಿ ಕೂತು ಖಾಯಂ ಮಾಡಬೇಕು, ಇಲ್ಲವೇ ಮನೆಗೆ ಕಳಿಸಬೇಕು. ಕೊನೆಗೆ ಇನ್ನೊಂದೇ ತಿಂಗಳು ಉಳಿದಿತ್ತು. ಸಮಿತಿಯಲ್ಲಿದ್ದವರು ಮೂವರು; ಅಧ್ಯಕ್ಷರು ಅವಳಿಗೆ ಹಿಂದೆ ಪಾಠ ಹೇಳಿದ ಹಿರಿಯ ಪ್ರೊಫೆಸರು. ಮೃದು ಮನುಷ್ಯ, ಆದರೆ ಟ್ಯಾಂಕಿನ ಕತೆ ಅವರೂ ಮರೆತಿರಲಿಲ್ಲ. ಲ್ಯಾಬಿನೊಳಗಿನ ಲೆಕ್ಕ ಸಾಕು, ಯಂತ್ರ ಹೊರಗೆ ತೆಗೆದುಕೊಂಡು ಹೋಗಿ ನಿನಗೆ ಗೊತ್ತಿಲ್ಲದ್ದೇನನ್ನಾದರೂ ಹುಡುಕಿ ತೋರಿಸು ಎಂದು ಅವರು ಹೇಳಿದ್ದರು. ಜಾಗ ಕೊಟ್ಟವನು ನೀರು ಸರಬರಾಜು ಕಚೇರಿಯ ಇಂಜಿನಿಯರ್. ಊರಂಚಿನ ಹಳೇ ಪಂಪ್‌ಹೌಸಿನ ಅಂಗಳದಡಿಯಲ್ಲಿ ಇಟ್ಟಿಗೆಯ ಒಂದು ಸುರಂಗವಿತ್ತು. ಅದು ಮುಚ್ಚಿ ಅರವತ್ತು ವರ್ಷ ಮೇಲಾಗಿತ್ತು. ಎಲ್ಲಿದೆ ಎಂಬುದು ಕಚೇರಿಯ ನಕ್ಷೆಯಲ್ಲಿತ್ತು. ಅದನ್ನು ಅವನು ಒಂದು ಲಕೋಟೆಯಲ್ಲಿ ಬರೆದು ಅಂಟಿಸುವುದು, ಅವಳು ಅಳೆದು ಇನ್ನೊಂದರಲ್ಲಿ ಬರೆದು ಅಂಟಿಸುವುದು, ಎರಡನ್ನೂ ಸಮಿತಿಯ ಮುಂದೆ ಒಡೆಯುವುದು. ಆಮೇಲೆ ನೆಲಕ್ಕೆ ಒಂದು ಸಣ್ಣ ತೂತು ಕೊರೆದು, ಕ್ಯಾಮೆರಾ ಇಳಿಸಿ, ವರದಿಗೊಂದು ಫೋಟೋ ತೆಗೆಯುವುದು ಎಂದು ಮಾತಾಗಿತ್ತು.

ಎರಡು ದಿನ ಅಳೆದರು. ಮೇಸ್ತ್ರಿ ಪಂಪ್‌ಹೌಸಿನ ಗೋಡೆಗೆ ಟೇಪಿನ ತುದಿ ಒತ್ತಿ, ಎದುರಿನ ಕಬ್ಬಿಣದ ಗೇಟಿನವರೆಗೆ ಎಳೆದ. ಮೂವತ್ತೇಳು ಮೀಟರು. ಮೀಟರಿಗೊಂದು ಸೀಮೆಸುಣ್ಣದ ಗೆರೆ ಬಿತ್ತು. ಪ್ರತಿ ಗೆರೆಯ ಮೇಲೂ ಯಂತ್ರ ಹೇರಿದ ಗಾಡಿ ನಿಲ್ಲಿಸಿ, ಯಂತ್ರ ನೆಟ್ಟಗೆ ನಿಂತಿದೆಯೇ ನೋಡಿ, ಹತ್ತು ನಿಮಿಷ ಪರಮಾಣುಗಳನ್ನು ಬೀಳಿಸುವುದು. ಬೀಳುವಷ್ಟು ಹೊತ್ತು ಯಾರೂ ಆರು ಹೆಜ್ಜೆಯ ಒಳಗೆ ಬರುವಂತಿಲ್ಲ, ಏಕೆಂದರೆ ಮನುಷ್ಯನ ಮೈಯೂ ಎಳೆಯುತ್ತದೆ. ಮೈ ತುಂಬಿಕೊಂಡಿದ್ದ ಅತ್ತೆ ಇದನ್ನು ಕೇಳಿದ ದಿನ, ಹಾಗಾದರೆ ನಾನು ಆ ಬೀದಿಗೇ ಬರುವುದಿಲ್ಲ, ನಿನ್ನ ಕೆಲಸ ಹೋದರೆ ನನ್ನ ಮೇಲೆ ಬರುತ್ತದೆ ಎಂದಿದ್ದಳು. ಎರಡನೇ ದಿನ ಸಂಜೆ ಅವಳು ಲೆಕ್ಕ ಮುಗಿಸಿ, ತನ್ನ ಚೀಟಿ ಬರೆದು, ಅಂಟಿಸಿದಳು. ಎಳೆತ ಒಂದೇ ಕಡೆ ಚೆನ್ನಾಗಿ ತಗ್ಗಿತ್ತು. ಅನುಮಾನಕ್ಕೆ ಎಡೆಯೇ ಇರಲಿಲ್ಲ.

ಮೂರನೇ ದಿನ ಬೆಳಗ್ಗೆ ಹತ್ತಕ್ಕೆ ಪಂಪ್‌ಹೌಸಿನ ನೆರಳಲ್ಲಿ ಒಂದು ಮೇಜು ಹಾಕಿ ಎಲ್ಲರೂ ಸೇರಿದರು. ಕೊರೆಯುವ ಯಂತ್ರದವನು ಆಗಲೇ ಬಂದು ಗೇಟಿನ ಬಳಿ ಕೂತಿದ್ದ. ಮಧ್ಯಾಹ್ನಕ್ಕೆ ಬೇರೆ ಕಡೆ ಹೋಗಬೇಕು, ಒಂದೇ ತೂತು, ಎರಡನೆಯದು ಕೇಳಬೇಡಿ ಎಂದು ಬಂದ ಕೂಡಲೇ ಹೇಳಿಟ್ಟಿದ್ದ. ಪ್ರೊಫೆಸರು ಮೊದಲು ಅವಳ ಲಕೋಟೆ ಒಡೆದು ಓದಿದರು: ಇಪ್ಪತ್ತಮೂರನೇ ಮೀಟರು, ಆಳ ಸುಮಾರು ಮೂರು ಮೀಟರಿಗಿಂತ ಸ್ವಲ್ಪ ಹೆಚ್ಚು. ಆಮೇಲೆ ಇಂಜಿನಿಯರನ ಲಕೋಟೆ ಒಡೆದರು. ಗೋಡೆಯಿಂದ ಹದಿನಾಲ್ಕನೇ ಮೀಟರು.

ಸಮಿತಿಯ ಇಬ್ಬರು ಸದಸ್ಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಟ್ಯಾಂಕು ಎಂಬ ಮಾತು ಅವರ ನಾಲಿಗೆಯ ತುದಿಯಲ್ಲೇ ಇತ್ತು. ಒಂಬತ್ತು ಮೀಟರಿನ ತಪ್ಪು ಎಂದರೆ ತಪ್ಪೂ ಅಲ್ಲ, ಅದು ಕುರುಡು.

ಪ್ರೊಫೆಸರು ಮಾತ್ರ ಎರಡೂ ಚೀಟಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು ನೋಡುತ್ತಿದ್ದರು. ಹಾಳೆಯ ಅಂಚಿನಲ್ಲಿ ಏನೋ ಕೂಡಿಸಿದರು. ಅವರ ಮುಖ ಅರಳಿತು. ಇಪ್ಪತ್ತಮೂರೂ ಹದಿನಾಲ್ಕೂ ಸೇರಿದರೆ ಮೂವತ್ತೇಳು. ಅಂಗಳ ಮೂವತ್ತೇಳು ಮೀಟರು. ಅಂದರೆ ಜಾಗ ಸರಿಯಾಗಿಯೇ ಸಿಕ್ಕಿದೆ, ಟೇಪನ್ನು ಗೇಟಿನ ತುದಿಯಿಂದ ಓದಿದ್ದಾರೆ, ಅಷ್ಟೇ. ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟರು. ಇಂಜಿನಿಯರ್ ಕೂಡ ನಕ್ಕ. ಇಷ್ಟು ಸಣ್ಣ ಎಡವಟ್ಟಿಗೆ ಒಬ್ಬ ಹೆಣ್ಣುಮಗಳ ಹೊಟ್ಟೆಪಾಡು ಹೋಗುವುದು ಯಾರಿಗೂ ಬೇಕಿರಲಿಲ್ಲ. ಪ್ರೊಫೆಸರು ಪೆನ್ನು ತೆಗೆದು ವರದಿಯ ಸಾಲನ್ನು ಬರೆದೇಬಿಟ್ಟರು: ಟೇಪು ಹಿಡಿಯುವಾಗ ಸಹಾಯಕ ಸಿಬ್ಬಂದಿಯಿಂದ ತಪ್ಪಾಗಿದೆ, ಉಪಕರಣ ಸರಿಯಾಗಿದೆ, ಹುದ್ದೆಯನ್ನು ಖಾಯಂ ಮಾಡಬಹುದು. ಬಂದು ಒಂದು ಸಹಿ ಹಾಕು ಎಂದು ಅವಳನ್ನು ಕರೆದರು.

ಸಹಾಯಕ ಸಿಬ್ಬಂದಿ ಎಂದರೆ ಮೇಸ್ತ್ರಿ. ಅವನು ಗಾಡಿಯ ಪಕ್ಕ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವಳನ್ನು ಒಂದು ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ ಹೇಳಿದ:

"ಒಪ್ಕೊಂಡ್ಬಿಡಿ ಮೇಡಂ. ನನಗೆ ರಿಟೈರ್ ಆಗೋಕೆ ಇನ್ನು ಎರಡು ತಿಂಗಳಿದೆ. ನನ್ನ ಹೆಸರಿಗೆ ಒಂದು ತಪ್ಪು ಬಿದ್ರೆ ನನ್ನ ಗಂಟೇನೂ ಹೋಗಲ್ಲ. ನಿಮ್ಮದು ಹಾಗಲ್ಲ."

"ನೀವು ಗೋಡೆ ಕಡೆಯಿಂದಾನೇ ಹಿಡಿದ್ರಿ ಅಲ್ವಾ?"

"ಗೋಡೆ ಕಡೆಯಿಂದಾನೇ. ಆದ್ರೆ ಅದನ್ನ ಯಾರು ನಂಬ್ತಾರೆ ಈಗ?"

ಸುಳ್ಳೇಕೆ, ಅವಳಿಗೂ ಆಸೆಯಾಯಿತು. ಆರು ವರ್ಷ ಅವಳು ಹಬ್ಬ ಹುಣ್ಣಿಮೆ ನೋಡಿದವಳಲ್ಲ, ಗಂಡನ ಜೊತೆ ನೆಟ್ಟಗೆ ನಾಲ್ಕು ದಿನ ಎಲ್ಲಿಗೂ ಹೋದವಳಲ್ಲ. ಒಂದು ಸಹಿಗೆ ಎಲ್ಲ ಮುಗಿಯುತ್ತಿತ್ತು. ತಪ್ಪು ನಿಜವಾಗಿಯೂ ತಮ್ಮದೇ ಆಗಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಹಾಗಿದ್ದರೆ ಮೇಸ್ತ್ರಿಯ ಬದಲು ತನ್ನ ಹೆಸರನ್ನೇ ಬರೆಸಿ ಹಗುರಾಗಬಹುದಿತ್ತು. ಐದು ನಿಮಿಷ ಕೇಳಿಕೊಂಡು, ಗಾಡಿಯ ಮೇಲೆ ಲ್ಯಾಪ್‌ಟಾಪು ತೆರೆದು, ಎರಡು ದಿನದ ಅಳತೆಗಳನ್ನು ಮೊದಲಿನಿಂದ ನೋಡುತ್ತ ಬಂದಳು.

ಮೊದಲ ಗೆರೆಯಲ್ಲೇ ಅವಳ ಬೆರಳು ನಿಂತಿತು. ಮೊದಲ ಮೂರು ಮೀಟರಿನಲ್ಲಿ ಎಳೆತ ಒಂದು ಚೂರು ಕಡಿಮೆಯಿತ್ತು. ಬಹಳ ಸಣ್ಣದು, ನಿನ್ನೆ ಅದನ್ನು ಅವಳು ಲೆಕ್ಕಕ್ಕೇ ಇಟ್ಟಿರಲಿಲ್ಲ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಅದು ಸರಿಹೋಗಿತ್ತು. ಇನ್ನೊಂದು ತುದಿಯಲ್ಲಿ, ಮೂವತ್ತೇಳನೆಯ ಗೆರೆಯ ಕಡೆ, ಅಂಥದ್ದು ಏನೂ ಇರಲಿಲ್ಲ. ಅವಳು ತಲೆ ಎತ್ತಿ ನೋಡಿದಳು. ಆ ತುದಿಯಲ್ಲಿ ಬರೀ ಗೇಟು, ಅದರಾಚೆ ಬಯಲು. ಈ ತುದಿಯಲ್ಲಿ ಪಂಪ್‌ಹೌಸು: ಎರಡಾಳೆತ್ತರದ ಕಲ್ಲಿನ ಗೋಡೆ, ಮೇಲೆ ಮತ್ತೊಂದು ಅಂತಸ್ತು. ಅಷ್ಟು ಭಾರ ತಲೆಗಿಂತ ಮೇಲೆ ನಿಂತಿದ್ದರೆ ಬೀಳುವ ಪರಮಾಣುವನ್ನು ತುಸು ಮೇಲಕ್ಕೆ ಎಳೆಯದೇ ಇರುತ್ತದೆಯೇ? ಟ್ಯಾಂಕು ಅವಳಿಗೆ ಕಲಿಸಿದ್ದ ಪಾಠವೇ ಅದು. ಊರೆಲ್ಲ ನಕ್ಕ ಆ ಪಾಠ ಅವಳಷ್ಟು ಚೆನ್ನಾಗಿ ಇನ್ಯಾರಿಗೂ ಗೊತ್ತಿರಲಿಲ್ಲ.

ಮೊದಲ ಗೆರೆ ಗೋಡೆಯ ಕಡೆಯದೇ. ಯಂತ್ರವೇ ಹಾಗೆನ್ನುತ್ತಿತ್ತು. ಟೇಪು ಸರಿಯಿತ್ತು, ಮೇಸ್ತ್ರಿ ಸರಿಯಿದ್ದ, ಸುರಂಗ ಇಪ್ಪತ್ತಮೂರರಲ್ಲೇ ಇತ್ತು.

ಮೇಜಿನ ಬಳಿ ಬಂದು ಅವಳು ಅದನ್ನು ಹೇಳಿದಳು. ನಕ್ಷೆಯಲ್ಲೇ ತಪ್ಪಿದೆ ಎಂದ ಮಾತಿಗೆ ಇಂಜಿನಿಯರನ ಮುಖ ಊದಿತು. ಅರವತ್ತು ವರ್ಷದಿಂದ ಕಚೇರಿ ನಂಬಿಕೊಂಡು ಬಂದ ನಕ್ಷೆ ಅದು ಎಂದ. ಸದಸ್ಯರಲ್ಲೊಬ್ಬರು, ಯಂತ್ರವನ್ನು ಪರೀಕ್ಷೆ ಮಾಡುವಾಗ ಅದೇ ಯಂತ್ರದ ಸಾಕ್ಷಿ ತಂದರೆ ಹೇಗೆ ಎಂದು ಮೂಗು ಮುರಿದರು. ಪ್ರೊಫೆಸರಿಗೆ ನಿಜವಾಗಿಯೂ ಸಂಕಟವಾಯಿತು. ಬರೆದ ಹಾಳೆಯನ್ನು ಅವಳ ಕಡೆ ಸರಿಸಿದರು.

"ನೋಡಮ್ಮ, ಈ ಸಾಲು ಒಪ್ಪಿದ್ರೆ ನಿನ್ನ ಕೆಲಸ ಇವತ್ತೇ ಖಾಯಂ. ಒಪ್ಪದೆ ಹೋದ್ರೆ ನಾನು ಬರೀಬೇಕಾಗಿರೋದು ಒಂದೇ ಮಾತು, ಉಪಕರಣ ಸೋತಿದೆ ಅಂತ. ಯೋಚನೆ ಮಾಡು. ನಿನಗೆ ಎರಡನೇ ಸಲ ಹೀಗಾಗೋದು ನನಗೆ ಇಷ್ಟ ಇಲ್ಲ."

ಅವಳು ಯೋಚಿಸುತ್ತಲೇ ಇದ್ದಳು. ಇಂಜಿನಿಯರ್ ಗಡಿಯಾರ ನೋಡಿಕೊಂಡು ತನ್ನ ಕಾಗದಗಳನ್ನು ಎತ್ತಿಕೊಳ್ಳತೊಡಗಿದ. ಯಾವುದಾದರೂ ಒಂದು ಬೇಗ ತೀರ್ಮಾನ ಮಾಡಿ, ಸೋಮವಾರ ಈ ಅಂಗಳಕ್ಕೆ ಕ್ರೇನು ಬರುತ್ತದೆ, ಹೊಸ ಪಂಪುಗಳನ್ನು ಇಳಿಸುವುದಿದೆ ಎಂದ. ಕ್ರೇನು ಎಲ್ಲಿ ನಿಲ್ಲುತ್ತದೆ ಎಂದು ಅವಳು ಕೇಳಿದಳು. ಸುರಂಗ ಇಲ್ಲದ ಕಡೆ, ಗಟ್ಟಿ ನೆಲದ ಮೇಲೆ ಎಂದು ಅವನು ಕೈ ತೋರಿಸಿದ. ಕೈ ಹೋದ ಕಡೆ ಅವಳ ಕಣ್ಣೂ ಹೋಯಿತು. ಸೀಮೆಸುಣ್ಣದಲ್ಲಿ ಇಪ್ಪತ್ತೆರಡು, ಇಪ್ಪತ್ತಮೂರು, ಇಪ್ಪತ್ತನಾಲ್ಕು ಎಂದು ಬರೆದಿತ್ತು.

ಆಮೇಲೆ ಅವಳಿಗೆ ಯೋಚಿಸುವುದಕ್ಕೆ ಏನೂ ಉಳಿಯಲಿಲ್ಲ. ಹೆದರಿಕೆ ಹೋಗಿರಲಿಲ್ಲ. ಆದರೂ ಹಾಳೆಯನ್ನು ಪ್ರೊಫೆಸರ ಕಡೆಗೇ ಮತ್ತೆ ಸರಿಸಿದಳು.

"ಸರ್, ಆ ಸಾಲು ಹೊಡೆದುಹಾಕಿ. ಟೇಪು ಸರಿಯಿದೆ. ಇರೋ ಒಂದು ತೂತನ್ನ ಇಪ್ಪತ್ತಮೂರರಲ್ಲಿ ಕೊರೆಸಿ. ಅಲ್ಲಿ ಮಣ್ಣು ಸಿಕ್ಕಿದ್ರೆ ಯಂತ್ರ ಸೋತಿದೆ ಅಂತ ನಾನೇ ನನ್ನ ಕೈಯಾರೆ ಬರೆದುಕೊಡ್ತೀನಿ."

ಇಂಜಿನಿಯರ್ ಒಪ್ಪಲಿಲ್ಲ. ಒಂದೇ ತೂತಾದರೆ ಅದು ನಕ್ಷೆ ಹೇಳಿದ ಹದಿನಾಲ್ಕರಲ್ಲಿ ಬೀಳಬೇಕು, ಫೋಟೋ ಬೇಕಾಗಿರುವುದು ಸುರಂಗದ್ದು, ಮಣ್ಣಿನದಲ್ಲ ಎಂದು ಪಟ್ಟು ಹಿಡಿದ. ಮಾತಿಗೆ ಮಾತು ಬೆಳೆಯಿತು. ಕೊರೆಯುವವನು ಎದ್ದು ಬಂದು, ನೀವು ಜಗಳ ಮುಗಿಸುವಷ್ಟರಲ್ಲಿ ನಾನು ಮೂರು ತೂತು ಕೊರೆಯುತ್ತಿದ್ದೆ ಎಂದು ಗೊಣಗಿದ. ಕೊನೆಗೆ ಪ್ರೊಫೆಸರು ಕನ್ನಡಕ ತೆಗೆದು ಒರೆಸಿಕೊಂಡರು. ನಾವು ಬಂದಿರುವುದು ನಕ್ಷೆಯ ಪರೀಕ್ಷೆಗಲ್ಲ, ಇವಳ ಯಂತ್ರದ ಪರೀಕ್ಷೆಗೆ. ಇವಳು ಹೇಳಿದ ಕಡೆಯೇ ಕೊರೆಯಿರಿ ಎಂದರು.

ಕೊರೆಯುವ ಯಂತ್ರ ಸದ್ದು ಮಾಡುತ್ತ ನೆಲಕ್ಕೆ ಇಳಿಯಿತು. ಒಂದು ಮೀಟರು, ಹಳದಿ ಜೇಡಿ ಮಣ್ಣು. ಎರಡು ಮೀಟರು, ಅದೇ ಮಣ್ಣು. ಮೇಲೆ ಬಂದ ಮಣ್ಣನ್ನು ಮೇಸ್ತ್ರಿ ಪ್ರತಿ ಸಲವೂ ಬೆರಳಲ್ಲಿ ತಿಕ್ಕಿ ನೋಡಿ ಚೆಲ್ಲುತ್ತಿದ್ದ. ಮೂರು ಮೀಟರಾಯಿತು, ಆಗಲೂ ಮಣ್ಣೇ. ಇಂಜಿನಿಯರ್ ಕೈ ಕಟ್ಟಿಕೊಂಡು ಪಕ್ಕದವರ ಕಡೆ ನೋಡಿ ಹುಬ್ಬೇರಿಸಿದ. ಅವಳು ಕಣ್ಣು ಮುಚ್ಚಿಕೊಳ್ಳಲಿಲ್ಲ. ಮೂರು ಮೀಟರಿಗಿಂತ ಸ್ವಲ್ಪ ಹೆಚ್ಚು ಎಂದು ತಾನೇ ಬರೆದಿದ್ದಳು. ಸ್ವಲ್ಪ ಎಂದರೆ ಎಷ್ಟು ಎಂದು ಬರೆಯುವ ಧೈರ್ಯ ತನಗೇಕೆ ಬರಲಿಲ್ಲವೋ ಎಂದು ಹಲ್ಲು ಕಚ್ಚಿಕೊಂಡಳು.

ಮತ್ತೆ ಒಂದು ಗೇಣು ಇಳಿಯಿತು. ಸದ್ದು ಬದಲಾಯಿತು. ಮೇಸ್ತ್ರಿಯ ಬೆರಳಿಗೆ ಕೆಂಪು ಪುಡಿ ಹತ್ತಿತು. ಅವನು ಆ ಬೆರಳನ್ನು ಹಾಗೆಯೇ ಎತ್ತಿ ಅವಳಿಗೆ ತೋರಿಸಿದ. ಇಟ್ಟಿಗೆ. ಕೊರೆಯುವವನು ವೇಗ ತಗ್ಗಿಸಿದ. ಇನ್ನೊಂದು ನಿಮಿಷಕ್ಕೆ ಕಬ್ಬಿಣದ ಸರಳು ಹಿಡಿತ ತಪ್ಪಿ, ದಡಕ್ಕನೆ ಒಂದು ಮಾರು ಕೆಳಗೆ ಜಾರಿತು. ಅವನು ಮೋಟರು ನಿಲ್ಲಿಸಿದ. ತೂತಿನಿಂದ ಅರವತ್ತು ವರ್ಷದ ಹಳೇ ತಣ್ಣನೆ ಗಾಳಿ ಮೇಲೆ ಬಂದು ಎಲ್ಲರ ಕಾಲಿಗೆ ತಗುಲಿತು.

"ಕೆಳಗೆ ಏನೂ ಇಲ್ಲ," ಎಂದ ಕೊರೆಯುವವನು. ಆಮೇಲೆ ಅವಳ ಕಡೆ ತಿರುಗಿ, "ಇಲ್ಲೇ ಅಂತ ಹೇಗೆ ಗೊತ್ತಾಯ್ತು ನಿಮಗೆ?" ಎಂದು ಕೇಳಿದ. ಅವನ ದನಿಯಲ್ಲಿ ಈಗ ಗೊಣಗಾಟವಿರಲಿಲ್ಲ.

ಕ್ಯಾಮೆರಾ ಇಳಿಸಿದರು. ಪರದೆಯ ಮೇಲೆ ಇಟ್ಟಿಗೆಯ ಕಮಾನು ಸಾಲುಸಾಲಾಗಿ ಕಾಣಿಸಿತು, ತಳದಲ್ಲಿ ಒಂದಿಷ್ಟು ನಿಂತ ನೀರು. ಕಮಾನಿನ ಒಂದು ಮಗ್ಗುಲಲ್ಲಿ ಇಟ್ಟಿಗೆಗಳು ಆಗಲೇ ಕಳಚಿ ಬಿದ್ದಿದ್ದವು. ಅದನ್ನು ನೋಡುತ್ತ ಇಂಜಿನಿಯರನ ಮುಖದ ಬಣ್ಣವೇ ಹೋಯಿತು. ಅವನು ದೂರ ಹೋಗಿ ಕಚೇರಿಗೆ ಫೋನ್ ಮಾಡಿ, ನಕಲನ್ನಲ್ಲ, ಮೂಲ ನಕ್ಷೆಯನ್ನು ತೆಗೆಸಿ ಓದಿಸಿದ. ಮೂಲದಲ್ಲಿ ಅಳತೆಯನ್ನು ಗೇಟಿನಿಂದ ಹಿಡಿದಿದ್ದರು. ನಕಲು ತೆಗೆದವರು ಅದನ್ನು ಗೋಡೆಯಿಂದ ಎಂದುಕೊಂಡಿದ್ದರು. ಕ್ರೇನಿನ ಜಾಗ ಗುರುತು ಮಾಡಿದ್ದೂ ಅದೇ ನಕಲನ್ನು ನೋಡಿ. ಟೇಪು ತಿರುಗಿದ್ದು ನಿಜವೇ ಆಗಿತ್ತು, ಆದರೆ ಮೇಸ್ತ್ರಿಯ ಕೈಯಲ್ಲಲ್ಲ.

ಅವಳಿಗೆ ಅಳು ಬಂತು, ಮರೆಮಾಚಲಿಲ್ಲ. ಆರು ವರ್ಷದಲ್ಲಿ ಮೊದಲ ಬಾರಿಗೆ ಎದೆ ತುಂಬಿ ಬಂದಿತ್ತು, ಅದು ಬರೀ ಸಂತೋಷ. ಪ್ರೊಫೆಸರು ತಾವು ಬರೆದಿದ್ದ ಸಾಲನ್ನು ಎರಡು ಸಲ ಹೊಡೆದುಹಾಕಿ, ಪೆನ್ನು ಅವಳ ಕೈಗೆ ಕೊಟ್ಟು, ನೀನೇ ಬರೆ ಎಂದರು. ಅವಳು ಮೊದಲು ಬರೆದದ್ದು, ಮೇಸ್ತ್ರಿಗಳು ಟೇಪು ಹಿಡಿದದ್ದು ಸರಿಯಾಗಿತ್ತು ಎಂದು. ಯಂತ್ರದ ಮಾತು ಎರಡನೆಯ ಸಾಲಿಗೆ ಬಂತು. ಖಾಯಂ ಹುದ್ದೆಯ ಸಾಲನ್ನು ಪ್ರೊಫೆಸರೇ ಬರೆದರು. ಮೂಗು ಮುರಿದಿದ್ದ ಸದಸ್ಯರು ಎಲ್ಲರಿಗಿಂತ ಮೊದಲು ಸಹಿ ಹಾಕಿದರು. ಮೇಸ್ತ್ರಿ ಆ ಹಾಳೆಯನ್ನು ಇಸಿದುಕೊಂಡು ಮೊದಲ ಸಾಲನ್ನು ಮಾತ್ರ ಮೂರು ಸಲ ಓದಿ, ಫೋನಿನಲ್ಲಿ ಅದರದ್ದೊಂದು ಫೋಟೋ ತೆಗೆದುಕೊಂಡ.

ಮನೆಗೆ ಫೋನ್ ಮಾಡಿದರೆ ಎತ್ತಿಕೊಂಡದ್ದು ಅತ್ತೆ. ಎಲ್ಲವನ್ನೂ ಕೇಳಿದ ಅತ್ತೆ, ಮೂಗೆಳೆದುಕೊಂಡು, ನಿನ್ನ ಗಂಡನಿಗೆ ನಾನೇ ಹೇಳುತ್ತೇನೆ, ನೀನು ಊಟ ಮಾಡಿದೆಯಾ ಎಂದಳು. ಅವಳು ಇನ್ನೂ ಇಲ್ಲ ಎಂದಳು. ಖಾಲಿ ಹೊಟ್ಟೆಯಲ್ಲಿ ಸುರಂಗ ಹುಡುಕುವವಳು ಎಂದು ಬೈದು ಅತ್ತೆ ಫೋನ್ ಇಟ್ಟಳು.

ಅಷ್ಟರಲ್ಲಿ ಇಂಜಿನಿಯರ್ ಬಂದು ಎದುರು ನಿಂತಿದ್ದ. ನಕ್ಷೆಯನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡಿದ್ದ. ಸೋಮವಾರದ ಕ್ರೇನನ್ನು ತಡೆಹಿಡಿದಿದ್ದಾಗಿ ಹೇಳಿದ. ಆ ದಿನ ಅಲ್ಲಿ ಹನ್ನೆರಡು ಜನ ಕೆಲಸ ಮಾಡಬೇಕಿತ್ತು ಎಂದೂ ಹೇಳಿದ. ಅಂಗಳದಡಿಯಲ್ಲಿ ಇಂಥವು ಇನ್ನೆಷ್ಟಿವೆಯೋ ಕಚೇರಿಯಲ್ಲಿ ಈಗ ಯಾರಿಗೂ ಧೈರ್ಯವಾಗಿ ಹೇಳಲು ಬರುತ್ತಿರಲಿಲ್ಲ. ಸಮಿತಿಯವರು, ಕೊರೆಯುವವನು, ಮೇಸ್ತ್ರಿ, ಎಲ್ಲರೂ ಅವಳ ಕಡೆಗೇ ನೋಡುತ್ತಿದ್ದರು.

"ಕ್ರೇನು ಎಲ್ಲಿ ನಿಲ್ಲಿಸ್ಲಿ ಮೇಡಂ? ನೀವು ಹೇಳಿದ ಕಡೆ ನಿಲ್ಲಿಸ್ತೀನಿ," ಎಂದ ಇಂಜಿನಿಯರ್.

ಬೆಳಗ್ಗೆ ಹತ್ತಕ್ಕೆ ಅವಳ ಮಾತನ್ನು ನಂಬುವವನು ಆ ಅಂಗಳದಲ್ಲಿ ಮೇಸ್ತ್ರಿ ಒಬ್ಬನೇ ಇದ್ದ. ಅವಳು ಕಣ್ಣೊರೆಸಿಕೊಂಡು ಉದ್ದಕ್ಕೂ ನೆಲವನ್ನು ಒಮ್ಮೆ ನೋಡಿದಳು.

"ಈಗಲೇ ಹೇಳೋಕಾಗಲ್ಲ," ಎಂದಳು. "ಅಳೆದು ಹೇಳ್ತೀನಿ."